ನಾದವನ್ನು ನಾವೇ ಕಟ್ಟಬಾರದೇಕೆ?

ಕಾವೇರಿಯೂ ಕಪಿಲೆಯೂ ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಜನಿಸಿದ ಚೌಡಯ್ಯನವರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಆದರೆ ಅವರು ಪಿಟೀಲನ್ನು ನುಡಿಸಿದ್ದಲ್ಲದೆ ಅದನ್ನು ತಿದ್ದಿಯೂ ಇದ್ದರೆಂಬ ಸಂಗತಿಯನ್ನು ನಮ್ಮ ವಿಜ್ಞಾನದ ವಿದ್ಯಾರ್ಥಿಗಳು ನೆನೆಯುವುದು ಕಡಮೆ. ಕಚೇರಿಗಳಲ್ಲಿ ಧ್ವನಿವರ್ಧಕಗಳು ಇನ್ನೂ ಬಳಕೆಗೆ ಬಾರದಿದ್ದ ಕಾಲದಲ್ಲಿ ಪಿಟೀಲಿನ ಸಣ್ಣ ದನಿ ದೊಡ್ಡ ಸಭೆಯ ಕೊನೆಯ ಸಾಲನ್ನು ಮುಟ್ಟುತ್ತಿರಲಿಲ್ಲ. ಚೌಡಯ್ಯನವರು ಇದನ್ನು ವಿಧಿಯೆಂದು ಬಗೆದು ಕೈಕಟ್ಟಿ ಕೂರಲಿಲ್ಲ. ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿಗಳನ್ನು ಸೇರಿಸಿ, ಏಳು ತಂತಿಯ ಪಿಟೀಲನ್ನು ಪ್ರಸಿದ್ಧಿಗೆ ತಂದರು. ಪರದೇಶದಿಂದ ಬಂದ ವಾದ್ಯವೆಂಬ ಅಂಜಿಕೆಯಾಗಲಿ, ಹಿರಿಯರು ಹೀಗೆಯೇ ನುಡಿಸಿದ್ದರೆಂಬ ಸಂಕೋಚವಾಗಲಿ ಅವರ ಕೈಯನ್ನು ತಡೆಯಲಿಲ್ಲ. ನಾದದ ಕೊರತೆಯೊಂದನ್ನು ಕಂಡರು, ಅದರ ಕಾರಣವನ್ನು ಹುಡುಕಿದರು, ವಸ್ತುವನ್ನೇ ಬದಲಾಯಿಸಿದರು. ವಿಜ್ಞಾನದ ಹಾದಿಯೂ ಇದೇ ಅಲ್ಲವೇ?

ಈಗ ಅದೇ ನೀರಿನ ದಡದಲ್ಲಿರುವ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳ ವಿದ್ಯಾರ್ಥಿಗಳ ಕಡೆಗೆ ನೋಡೋಣ. ಇವರು ಶಬ್ದವನ್ನು ಕುರಿತ ಪಾಠವನ್ನು ಓದುತ್ತಾರೆ. ಸೋನೋಮೀಟರಿನ ತಂತಿಯ ಮೇಲೆ ಕಾಗದದ ಚೂರನ್ನಿಟ್ಟು, ಅದು ಹಾರಿಬಿದ್ದಾಗ ಉದ್ದವನ್ನು ಬರೆದುಕೊಳ್ಳುತ್ತಾರೆ. ಮತ್ತೊಂದು ದಿನ, ಮತ್ತೊಂದು ಮೇಜಿನ ಮೇಲೆ, ರೋಧಕದ ಮೂಲಕ ಧಾರಕವೊಂದು ವಿದ್ಯುತ್ತನ್ನು ತುಂಬಿಕೊಳ್ಳುವುದನ್ನು ಅಳೆದು ನಕ್ಷೆ ಎಳೆಯುತ್ತಾರೆ. ಈ ಎರಡು ಪ್ರಯೋಗಗಳಿಗೂ ಸಂಬಂಧವಿದೆಯೆಂದು ಅವರಿಗೆ ಹೇಳುವವರಿಲ್ಲ. ಎರಡನೆಯ ಮೇಜಿನ ಸಾಮಾನಿನಿಂದಲೇ ಮೊದಲನೆಯ ಮೇಜಿನ ನಾದವನ್ನು ಹುಟ್ಟಿಸಬಹುದೆಂಬುದನ್ನು ಅವರು ಕಾಣದೆಯೇ ಪರೀಕ್ಷೆ ಮುಗಿಸಿ ಹೋಗುತ್ತಾರೆ. ಭೌತಶಾಸ್ತ್ರವನ್ನು ಬೋಧಿಸುವ ನಮ್ಮದೇ ತಪ್ಪು ಇದು, ವಿದ್ಯಾರ್ಥಿಗಳದಲ್ಲ. ಈ ತಪ್ಪನ್ನು ತಿದ್ದಿಕೊಳ್ಳಲು ಅಗ್ಗವಾದ, ಮನೆಯಲ್ಲಿಯೇ ಕಟ್ಟಬಹುದಾದ, ಬಿಡಿಘಟಕಗಳ ಸಿಂಥಸೈಜರಿಗಿಂತ ಉತ್ತಮವಾದ ಸಾಧನ ಮತ್ತೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಸಿಂಥಸೈಜರೆಂದರೆ ವಿದ್ಯುತ್ತಿನಿಂದ ಸ್ವರವನ್ನು ರಚಿಸುವ ಯಂತ್ರ. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ರೂಪಿಸಿದ ಯಂತ್ರದಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಪೆಟ್ಟಿಗೆ ಇತ್ತು. ಕಂಪನವನ್ನು ಹುಟ್ಟಿಸುವ ಆಂದೋಲಕ ಒಂದು. ಬೇಡವಾದ ಮೇಲ್ಸ್ವರಗಳನ್ನು ತಡೆಯುವ ಶೋಧಕ ಮತ್ತೊಂದು. ನಾದದ ಏರಿಳಿತವನ್ನು ನಿಯಂತ್ರಿಸುವ ವರ್ಧಕ ಇನ್ನೊಂದು. ಇವುಗಳನ್ನು ತಂತಿಗಳಿಂದ ಮನಬಂದಂತೆ ಜೋಡಿಸಿಕೊಳ್ಳಬಹುದಾಗಿತ್ತು. ಒಂದು ಪೆಟ್ಟಿಗೆಯಿಂದ ಹೊರಟ ವೋಲ್ಟೇಜು ಮತ್ತೊಂದನ್ನು ಆಳುವುದೇ ಇದರ ರಹಸ್ಯ. ಒಂದು ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಏರಬೇಕೆಂಬ ನಿಯಮ ಅಂದಿನಿಂದ ಇಂದಿನವರೆಗೂ ಬಹುಮಟ್ಟಿಗೆ ನಡೆದುಬಂದಿದೆ.

ಆ ಯಂತ್ರ ಭಾರತಕ್ಕೆ ಬರಲು ತಡವಾಗಲಿಲ್ಲ. 1969ರಲ್ಲಿಯೇ ಡೇವಿಡ್ ಟ್ಯೂಡರ್ ಎಂಬ ಅಮೆರಿಕದ ಸಂಗೀತಗಾರರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಯಂತ್ರವೊಂದನ್ನು ನೆಲೆಗೊಳಿಸಲು ನೆರವಾದರು. ಗೀತಾ ಸಾರಾಭಾಯಿ ಮೊದಲಾದವರು ಅದರಲ್ಲಿ ಪ್ರಯೋಗ ನಡೆಸಿದರು. 1969ರಿಂದ 1972ರ ವರೆಗಿನ ಆ ಧ್ವನಿಮುದ್ರಣಗಳು ಸಂಗ್ರಹರೂಪದಲ್ಲಿ ಪ್ರಕಟವಾದದ್ದು 2023ರಲ್ಲಿ. ಯಂತ್ರವೇನೋ ಬಂದಿತು, ಅದನ್ನು ಕಟ್ಟುವ ವಿದ್ಯೆ ಮಾತ್ರ ನಮ್ಮ ಊರೂರಿನ ಕಾಲೇಜುಗಳಿಗೆ ಹರಿದು ಬರಲಿಲ್ಲ. ಇದಕ್ಕೆ ಹೋಲಿಸಿದರೆ ನಮ್ಮ ಬೆಂಗಳೂರಿನ ಉದಾಹರಣೆ ಹೆಚ್ಚು ಬೋಧಪ್ರದವಾಗಿದೆ. ಕೊಳಲು ವಾದಕರೂ ಎಂಜಿನಿಯರರೂ ಆದ ಜಿ. ರಾಜ್‌ನಾರಾಯಣ್ ಅವರು 1979ರಲ್ಲಿ ಇಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಶ್ರುತಿಯ ಅಗತ್ಯವನ್ನು ಬಲ್ಲ ಕಿವಿಯೂ ಮಂಡಲವನ್ನು ಬಲ್ಲ ಕೈಯೂ ಒಬ್ಬರಲ್ಲಿಯೇ ಕೂಡಿದ್ದರಿಂದ ಆ ವಾದ್ಯ ಸಂಗೀತಗಾರರ ಮನೆಮನೆಗೂ ಹೋಯಿತು. ಅಂಥ ಕಿವಿಯನ್ನೂ ಕೈಯನ್ನೂ ನಮ್ಮ ತಾಲೂಕುಗಳಲ್ಲಿ ಬೆಳೆಸುವುದು ಹೇಗೆಂಬುದೇ ಈಗಿನ ಪ್ರಶ್ನೆ.

ಕೆಲಸ ಆರಂಭಿಸಲು ಬೇಕಾದ ಸಾಮಗ್ರಿ ಅತ್ಯಲ್ಪ. 40106 ಎಂಬ ಸಂಖ್ಯೆಯ ಒಂದು ಚಿಪ್ಪು, ಕೆಲವು ರೋಧಕಗಳು, ಧಾರಕಗಳು, ವಾಲ್ಯೂಮ್ ಗುಂಡಿಗಳು, ತಂತಿ ಸಿಕ್ಕಿಸುವ ಬ್ರೆಡ್‌ಬೋರ್ಡ್. ವಿದ್ಯುತ್ತಿಗೆ ಮೊಬೈಲಿಗೆ ಚಾರ್ಜು ಹಾಕುವ 5 ವೋಲ್ಟಿನ ಪವರ್ ಬ್ಯಾಂಕು. ಚಿಪ್ಪಿನ ಬೆಲೆ ಒಂದು ಊಟದ ಬೆಲೆಗಿಂತ ಕಡಮೆ. ಅದರೊಳಗೆ ಆರು ದ್ವಾರಗಳಿವೆ. ಒಂದು ದ್ವಾರದ ಹೊರಮುಖದಿಂದ ಒಳಮುಖಕ್ಕೆ 100 ಕಿಲೋ-ಓಂ ರೋಧಕವನ್ನು ಜೋಡಿಸಿ, ಒಳಮುಖದಿಂದ ಭೂತಂತಿಗೆ 0.1 ಮೈಕ್ರೋಫ್ಯಾರಡ್ ಧಾರಕವನ್ನು ಸೇರಿಸಿದರೆ ಸಾಕು. ಧಾರಕ ತುಂಬುತ್ತದೆ, ಒಂದು ಮಟ್ಟ ಮುಟ್ಟಿದೊಡನೆ ದ್ವಾರ ಮಗುಚಿಕೊಳ್ಳುತ್ತದೆ, ಧಾರಕ ಬರಿದಾಗತೊಡಗುತ್ತದೆ, ಕೆಳಗಿನ ಮಟ್ಟ ಮುಟ್ಟಿದೊಡನೆ ಮತ್ತೆ ತುಂಬತೊಡಗುತ್ತದೆ. ರೋಧವನ್ನೂ ಧಾರಕತೆಯನ್ನೂ ಗುಣಿಸಿದರೆ ಸೆಕೆಂಡಿನ ನೂರನೆಯ ಒಂದು ಭಾಗ ಬರುವುದರಿಂದ, ಕಂಪನಸಂಖ್ಯೆ ಸೆಕೆಂಡಿಗೆ ನೂರು ನೂರೈವತ್ತರ ಆಸುಪಾಸಿನಲ್ಲಿರುತ್ತದೆ. ಗುಂಡಿಯನ್ನು ತಿರುಗಿಸಿ ರೋಧವನ್ನು ಅರ್ಧಕ್ಕಿಳಿಸಿದರೆ ಕಂಪನಸಂಖ್ಯೆ ಇಮ್ಮಡಿಯಾಗಿ ಮೇಲಿನ ಷಡ್ಜ ಕೇಳಿಸುತ್ತದೆ. ನಕ್ಷೆಯ ಹಾಳೆಯಲ್ಲಿ ಮೌನವಾಗಿ ಮಲಗಿದ್ದ ರೇಖೆ ಹೀಗೆ ಬಾಯಿಬಿಟ್ಟು ಮಾತನಾಡುತ್ತದೆ.

ದ್ವಾರದ ಹೊರಮುಖದಲ್ಲಿ ದೊರೆಯುವುದು ಚೌಕಾಕಾರದ ತರಂಗ. ಅದರಲ್ಲಿ ಮೂಲಸ್ವರದ 3, 5, 7 ಮುಂತಾದ ಬೆಸಸಂಖ್ಯೆಯ ಮಡಿಗಳು ಮಾತ್ರ ಪ್ರಬಲವಾಗಿರುತ್ತವೆ. ಆದ್ದರಿಂದಲೇ ಅದರ ದನಿ ಪೊಳ್ಳು ಬಿದಿರನ್ನು ನೆನಪಿಗೆ ತರುತ್ತದೆ. ಇದನ್ನು 10 ಕಿಲೋ-ಓಂ ರೋಧಕ, 0.01 ಮೈಕ್ರೋಫ್ಯಾರಡ್ ಧಾರಕಗಳ ಶೋಧಕದ ಮೂಲಕ ಹಾಯಿಸಿದರೆ ಸುಮಾರು 1,600 ಕಂಪನಗಳಿಗೆ ಮೇಲ್ಪಟ್ಟವು ಕ್ರಮೇಣ ಕುಗ್ಗಿ, ದನಿ ಮೆತ್ತಗಾಗುತ್ತದೆ. ಆರು ದ್ವಾರಗಳಿಂದಲೂ ಒಂದಕ್ಕೊಂದು ಹೊಂದದ ಆರು ಕಂಪನಗಳನ್ನು ಹುಟ್ಟಿಸಿ ಬೆರೆಸಿದರೆ ಲೋಹದ ಝೇಂಕಾರ ಏಳುತ್ತದೆ. ಜಪಾನಿನ ರೋಲ್ಯಾಂಡ್ ಸಂಸ್ಥೆ 1980ರಲ್ಲಿ ಹೊರತಂದ ಟಿಆರ್-808 ಎಂಬ ತಾಳಯಂತ್ರದಲ್ಲಿ ತಾಳದ ತಟ್ಟೆಗಳ ದನಿಯನ್ನು ಹೀಗೆಯೇ ಆರು ಆಂದೋಲಕಗಳಿಂದ ಪಡೆದಿದ್ದರು. ಮಹದೇಶ್ವರನ ಗುಡ್ಡರ ಕಂಸಾಳೆಯನ್ನು ಕೇಳುತ್ತ ಬೆಳೆದ ನಮ್ಮ ಹುಡುಗರು ಈ ಪ್ರಯೋಗದಿಂದ ಒಂದು ಪ್ರಶ್ನೆಗೆ ಬಂದು ನಿಲ್ಲುವರು: ಕಂಸಾಳೆಯ ಮೇಲ್ಸ್ವರಗಳು ಏಕೆ ಹೊಂದವು, ಮೃದಂಗದವು ಏಕೆ ಹೊಂದುತ್ತವೆ? ಮೃದಂಗದ ನಡುವಿನ ಕರಣೆಯೇ ಅದಕ್ಕೆ ಕಾರಣವೆಂದು ಸಿ. ವಿ. ರಾಮನ್ 1920ರಲ್ಲಿಯೇ ತೋರಿಸಿಕೊಟ್ಟಿದ್ದಾರೆ. ಪ್ರಶ್ನೆಯನ್ನು ತಾವೇ ಕಂಡುಕೊಂಡವರಿಗೆ ಆ ಉತ್ತರದ ರುಚಿ ಬೇರೆ.

ಇಲ್ಲಿಯವರೆಗೆ ಹೇಳಿದ್ದು ಅನಲಾಗ್ ವಿಧಾನ. ಎಂದರೆ, ಎಡೆಬಿಡದೆ ಹರಿಯುವ ವಿದ್ಯುತ್ತಿನ ವಿಧಾನ. ಎಣಿಕೆಯಿಂದ ನಡೆಯುವ ಡಿಜಿಟಲ್ ವಿಧಾನ ಇದರ ಜೊತೆಗೆ ಏಕೆ ಬೇಕು? ಪರಸ್ಪರರ ದೋಷಗಳನ್ನು ಇವು ತಿದ್ದುವುದರಿಂದ. ವೋಲ್ಟಿಗೆ ಒಂದು ಸ್ಥಾಯಿ ಎಂಬ ನಿಯಮವನ್ನು ಅನಲಾಗ್ ಮಂಡಲದಲ್ಲಿ ಸಾಧಿಸಲು ಟ್ರಾನ್ಸಿಸ್ಟರಿನ ಒಂದು ಗುಣವನ್ನು ಬಳಸುತ್ತೇವೆ: ಅದರ ಬೇಸಿನ ವೋಲ್ಟೇಜು ಸುಮಾರು 18 ಮಿಲಿವೋಲ್ಟಿನಷ್ಟು ಏರಿದರೆ ಪ್ರವಾಹ ಇಮ್ಮಡಿಯಾಗುತ್ತದೆ. ಆದರೆ ಈ 18 ಎಂಬುದು ಸ್ಥಿರವಲ್ಲ. ನಿರಪೇಕ್ಷ ತಾಪಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ಮಾರ್ಗಶಿರದ ಮುಂಜಾನೆಗೂ ಚೈತ್ರದ ಮಧ್ಯಾಹ್ನಕ್ಕೂ 15 ಡಿಗ್ರಿಯ ಅಂತರವಿದ್ದರೆ, 300 ಡಿಗ್ರಿಯಲ್ಲಿ ಅದು ಶೇಕಡ 5. ಒಂದು ಸ್ಥಾಯಿಯನ್ನು 1,200 ಸೆಂಟುಗಳೆಂಬ ಸಮಭಾಗಗಳಾಗಿ ಎಣಿಸುವ ರೂಢಿಯಂತೆ, ಸ್ಥಾಯಿಯೊಂದರಲ್ಲಿ 60 ಸೆಂಟಿನಷ್ಟು ತಪ್ಪಾಯಿತು. ಅರ್ಧಸ್ವರದ ಅರ್ಧಕ್ಕಿಂತ ಹೆಚ್ಚು! ಬಿಸಿಲೇರಿದಂತೆ ವಾದ್ಯ ಅಪಶ್ರುತಿಗಿಳಿಯುತ್ತದೆ. ಇಲ್ಲಿ ಪುಟ್ಟ ಗಣಕವೊಂದನ್ನು ಕಾವಲಿಗಿಡಬಹುದು. ಅದರೊಳಗಿನ ಸ್ಫಟಿಕ ಸೆಕೆಂಡಿಗೆ ಕೋಟಿಗೂ ಮೀರಿ ಮಿಡಿಯುತ್ತ, ಆಂದೋಲಕದ ಕಂಪನಗಳನ್ನು ಎಣಿಸಿ, ತಪ್ಪಿದಷ್ಟನ್ನು ತಿದ್ದುತ್ತದೆ. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ ಎಂಬ ಇಂಥ ಗಣಕದ ಆರಂಭದ ಬೆಲೆ 4 ಡಾಲರು ಮಾತ್ರ. ಆದಿತಾಳದ ಎಂಟು ಅಕ್ಷರಗಳನ್ನಾಗಲಿ ಖಂಡಚಾಪಿನ ಐದನ್ನಾಗಲಿ ದಣಿಯದೆ ಎಣಿಸುವ ಕೆಲಸವನ್ನೂ ಅದಕ್ಕೇ ವಹಿಸಬಹುದು.

ಆದರೆ ಎಣಿಕೆಗೂ ಮಿತಿಯಿದೆ. ಆರ್ಡುಯಿನೋ ಊನೋ ಎಂಬ ಜನಪ್ರಿಯ ಫಲಕ ತನ್ನ ಸಾಮಾನ್ಯ ಕ್ರಮದಲ್ಲಿ 5 ವೋಲ್ಟನ್ನು 256 ಮೆಟ್ಟಿಲುಗಳಾಗಿ ಮಾತ್ರ ಹೊರಗೆಡಹಬಲ್ಲದು. ಒಂದು ಮೆಟ್ಟಿಲು ಸುಮಾರು 20 ಮಿಲಿವೋಲ್ಟು. ಸ್ವರದಲ್ಲಿ ಸುಮಾರು 23 ಸೆಂಟು. ನಮ್ಮ ಶಾಸ್ತ್ರಕಾರರ ಪ್ರಮಾಣಶ್ರುತಿ ಇದಕ್ಕಿಂತ ಚಿಕ್ಕದು. 81ಕ್ಕೂ 80ಕ್ಕೂ ಇರುವ ಅನುಪಾತವೆಂದು ಎಣಿಸಿದರೆ ಅದು ಸುಮಾರು 21.5 ಸೆಂಟು. ಎಂದರೆ ಈ ಫಲಕದಿಂದ ನೇರವಾಗಿ ಗಮಕವೊಂದನ್ನು ಎಳೆಯಲು ಹೋದರೆ, ಜಾರುಬಂಡೆಯ ಬದಲು ಒರಟು ಮೆಟ್ಟಿಲಿನ ಮೇಲೆ ಇಳಿದಂತಾಗುತ್ತದೆ. 4,096 ಮೆಟ್ಟಿಲುಗಳ ಪರಿವರ್ತಕವೊಂದನ್ನು ಸೇರಿಸಿದರೆ ಮೆಟ್ಟಿಲು ಒಂದೂವರೆ ಸೆಂಟಿಗಿಳಿಯುತ್ತದೆ. ಅದರ ಮುಂದೊಂದು ರೋಧಕ-ಧಾರಕಗಳ ಶೋಧಕವನ್ನಿಟ್ಟರೆ ಉಳಿದ ಅಂಚುಗಳೂ ನವಿರಾಗುತ್ತವೆ. ಎಣಿಸುವುದನ್ನು ಡಿಜಿಟಲ್ಲಿಗೂ ಹರಿಯುವುದನ್ನು ಅನಲಾಗಿಗೂ ಬಿಡುವುದು ಲೇಸೆಂಬ ಪಾಠವನ್ನು ವಿದ್ಯಾರ್ಥಿ ಹೀಗೆ ತನ್ನ ಕಿವಿಯಿಂದಲೇ ಕಲಿಯುತ್ತಾನೆ.

ನಾವೇ ಕಟ್ಟಬೇಕೆಂದು ನಾವು ಒತ್ತಿ ಹೇಳುವುದಕ್ಕೆ ಹಣದ ಉಳಿತಾಯಕ್ಕಿಂತಲೂ ಹಿರಿದಾದ ಕಾರಣವೊಂದುಂಟು. ಅಂಗಡಿಯಿಂದ ತಂದ ಕೀಲಿಮಣೆಯ ವಾದ್ಯ ಸಾಮಾನ್ಯವಾಗಿ ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿಕೊಂಡೇ ಬರುತ್ತದೆ. ಷಡ್ಜವು 240 ಕಂಪನಗಳಾದರೆ ತಂಬೂರಿಯೊಡನೆ ಹೊಂದುವ ಅಂತರಗಾಂಧಾರ ಅದರ ಐದುನಾಲ್ಕಂಶ, ಎಂದರೆ 300. ಕೀಲಿಮಣೆಯ ಗಾಂಧಾರವಾದರೋ ಸುಮಾರು 302.4. ಗರಗಸದ ಹಲ್ಲಿನ ಆಕಾರದ ತರಂಗಗಳಿಂದ ಇವೆರಡನ್ನೂ ನುಡಿಸಿದರೆ ಷಡ್ಜದ ಐದನೆಯ ಮಡಿ 1,200, ಗಾಂಧಾರದ ನಾಲ್ಕನೆಯ ಮಡಿ ಸುಮಾರು 1,209.5, ಸೆಕೆಂಡಿಗೆ ಒಂಬತ್ತು ಹತ್ತು ಸಲ ದನಿ ಅದುರುತ್ತದೆ. ಪಠ್ಯಪುಸ್ತಕದ ವಿಸ್ಪಂದವೆಂದರೆ ಇದೇ. ಚೌಕತರಂಗದಲ್ಲಿ ನಾಲ್ಕನೆಯ ಮಡಿ ಕ್ಷೀಣವಾಗಿರುವುದರಿಂದ ಅದರಲ್ಲಿ ಈ ಅದುರು ಅಷ್ಟಾಗಿ ಕೇಳದೆಂಬುದೂ ಗಮನಿಸತಕ್ಕ ಅಂಶ. ನಮ್ಮ ಮಂಡಲದಲ್ಲಿ ಗಾಂಧಾರವನ್ನು 333 ಮಿಲಿವೋಲ್ಟಿನಿಂದ 322ಕ್ಕೆ ಇಳಿಸಿದರೆ ಸಾಕು, ಅದುರು ನಿಂತುಹೋಗುತ್ತದೆ. ಹನ್ನೊಂದು ಮಿಲಿವೋಲ್ಟು ಎಷ್ಟು ಸಣ್ಣ ಮೊತ್ತ! ಆದರೆ ಅದನ್ನು ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆಯೆಂಬುದು ಸಣ್ಣ ಪ್ರಶ್ನೆಯಲ್ಲ. ಮುಚ್ಚಿದ ಪೆಟ್ಟಿಗೆಯೊಳಗೆ ದೂರದವರು ತಮ್ಮ ಸಂಗೀತಕ್ಕೆ ಒಪ್ಪುವಂತೆ ಮಾಡಿಟ್ಟ ತೀರ್ಮಾನವನ್ನೇ ನಮ್ಮ ಮಕ್ಕಳು ಪ್ರಕೃತಿಯ ನಿಯಮವೆಂದು ತಿಳಿಯುವಂತಾಗಬಾರದು. ನೀಲಗಾರರು ಮಂಟೇಸ್ವಾಮಿಯ ಕಥೆಯನ್ನು ಹಾಡುವಾಗ ಮೀಟುವ ತಂಬೂರಿಗೂ ತನ್ನದೇ ಆದ ಶ್ರುತಿಯುಂಟು; ಅದನ್ನು ಅಳೆದು ಅರಿಯುವ ಸಾಧನವೂ ನಮ್ಮಲ್ಲಿಯೇ ಇರಬೇಕು.

ಇನ್ನು ಆಕ್ಷೇಪಣೆಗಳ ಮಾತು. ಮೊಬೈಲಿನಲ್ಲಿಯೂ ಗಣಕದಲ್ಲಿಯೂ ಇವೆಲ್ಲ ಬಿಟ್ಟಿಯಾಗಿ ದೊರೆಯುವಾಗ ಬೆಸುಗೆ ಕಡ್ಡಿ ಹಿಡಿಯುವ ಕಷ್ಟವೇಕೆಂದು ಕೆಲವರು ಕೇಳುವರು. 2017ರಲ್ಲಿ ಪ್ರಕಟವಾದ ವಿಸಿವಿ ರ‍್ಯಾಕ್ ಎಂಬ ಉಚಿತ ತಂತ್ರಾಂಶದಲ್ಲಿ ಬಿಡಿಘಟಕಗಳನ್ನು ತೆರೆಯ ಮೇಲೆಯೇ ಜೋಡಿಸಬಹುದೆಂಬುದು ನಿಜ; ಅದನ್ನು ಕರಡು ಹಾಳೆಯಂತೆ ಅವಶ್ಯವಾಗಿ ಬಳಸಬೇಕೆಂದೇ ನಮ್ಮ ಸಲಹೆ. ಆದರೆ ತೆರೆಯ ಮೇಲಿನ ಧಾರಕ ಎಂದೂ ಬಿಸಿಯಾಗುವುದಿಲ್ಲ, ತಿರುಗುಮುರುಗಾಗಿ ಜೋಡಿಸಿದರೆ ಕೆಡುವುದೂ ಇಲ್ಲ. ತಪ್ಪು ಮಾಡಲು ಅವಕಾಶವಿಲ್ಲದ ಕಡೆ ಕಲಿಕೆಯೂ ಅಷ್ಟಕ್ಕಷ್ಟೆ.

ಸಂಗೀತಗಾರರ ಆಕ್ಷೇಪಣೆ ಇದಕ್ಕಿಂತ ತೂಕವುಳ್ಳದ್ದು. ಇಲೆಕ್ಟ್ರಾನಿಕ್ ತಂಬೂರಿ ಬಂದ ಮೇಲೆ ಮರದ ತಂಬೂರಿಯನ್ನು ಮೀಟುವವರು ವಿರಳವಾದರು. ಈಗ ಉಳಿದ ವಾದ್ಯಗಳಿಗೂ ಅದೇ ಗತಿಯೇ ಎಂದು ಅವರು ಕೊರಗುತ್ತಾರೆ. ಈ ಕೊರಗನ್ನು ನಾವು ಅಲ್ಲಗಳೆಯಲಾರೆವು. ತಂತಿಯನ್ನು ನಿಸ್ಪಂದ ಬಿಂದುವಿನಲ್ಲಿ ಮೀಟಿದರೆ ಅದಕ್ಕೆ ಸಂಬಂಧಿಸಿದ ಮೇಲ್ಸ್ವರ ಹುಟ್ಟಬಾರದೆಂಬುದು ಹಳೆಯ ನಿಯಮ. ತಂಬೂರಿ ಮತ್ತು ವೀಣೆಗಳ ಬಾಗಿದ ಕುದುರೆಯ ದೆಸೆಯಿಂದ ಆ ನಿಯಮ ಮೀರಿ ಎಲ್ಲ ಮೇಲ್ಸ್ವರಗಳೂ ಮೊಳಗುತ್ತವೆಂದು ರಾಮನ್ನರು 1921ರಲ್ಲಿ ತೋರಿಸಿದರು. ಆ ನಾದವನ್ನು ನಾಲ್ಕು ಆಂದೋಲಕಗಳಿಂದ ಅನುಕರಿಸಲು ಹೊರಟ ವಿದ್ಯಾರ್ಥಿ ಬೇಗನೆ ಸೋಲುತ್ತಾನೆ. ಸೋತವನು ನಿಜವಾದ ತಂಬೂರಿಯ ಬಳಿಗೆ ಹೋಗಿ ಕುದುರೆಯ ಮೇಲಿನ ಜೀವಾಳದ ಎಳೆಯನ್ನು ಬಗ್ಗಿ ನೋಡುತ್ತಾನೆ. ವಾದ್ಯ ತಯಾರಕನ ಕೈಚಳಕಕ್ಕೆ ಅದಕ್ಕಿಂತ ದೊಡ್ಡ ಗೌರವ ಉಂಟೇ? ನಾವು ಬಯಸುವುದು ಹಳೆಯ ವಾದ್ಯದ ಸ್ಥಾನವನ್ನು ಕಸಿಯುವ ಯಂತ್ರವನ್ನಲ್ಲ. ಹಳೆಯದನ್ನು ಗಮನವಿಟ್ಟು ಕೇಳುವ ಕಿವಿಯನ್ನು.

ಪಾಠಪಟ್ಟಿಯಲ್ಲಿ ಇದಕ್ಕೆ ಸ್ಥಳವಿಲ್ಲ, ಅಂಕಗಳಿಲ್ಲ ಎಂಬುದು ನಮ್ಮ ಸಹೋದ್ಯೋಗಿಗಳ ವಾದ. ಅವರ ಹೊರೆಯನ್ನು ನಾವು ಬಲ್ಲೆವು. ಹೊಸ ಪಾಠವೊಂದನ್ನು ಸೇರಿಸಿರೆಂದು ನಾವು ಕೇಳುತ್ತಿಲ್ಲ. ಧಾರಕದ ಪ್ರಯೋಗ ಮುಗಿದ ಮೇಲೆ ಅದೇ ಮೇಜಿನ ಮೇಲೆ ಒಂದು ಚಿಪ್ಪನ್ನೂ ಒಂದು ಸ್ಪೀಕರನ್ನೂ ಇಟ್ಟು ಅರ್ಧ ಗಂಟೆ ಬಿಟ್ಟುಕೊಡಿರಿ; ಬೀರುವಿನಲ್ಲಿ ಬೀಗ ಹಾಕಿಟ್ಟ ಆಸಿಲೋಸ್ಕೋಪನ್ನು ಶನಿವಾರ ಮಧ್ಯಾಹ್ನವಾದರೂ ಹೊರತೆಗೆಯಿರಿ ಎಂದಷ್ಟೇ ಬಿನ್ನಹ. ಉಪಕರಣ ಕೆಟ್ಟೀತೆಂಬ ಭಯದಿಂದ ಅದನ್ನು ಮುಟ್ಟಗೊಡದಿದ್ದರೆ, ಕೆಡುವುದು ಉಪಕರಣವಲ್ಲ, ಹುಡುಗರ ಕುತೂಹಲ.

ಹಣದ ವಿಷಯದಲ್ಲಿ ಬಿಡಿಘಟಕಗಳ ಪದ್ಧತಿಯೇ ನಮಗೆ ದಾರಿ ತೋರುತ್ತದೆ. ಹೊರದೇಶದ ಸಿದ್ಧ ಘಟಕವೊಂದಕ್ಕೆ ಸಾವಿರಾರು ರೂಪಾಯಿ ಬೀಳುತ್ತದೆ. ಇಡೀ ವಾದ್ಯವನ್ನು ಒಬ್ಬನೇ ಕಟ್ಟುವುದೂ ಬಡ ವಿದ್ಯಾರ್ಥಿಗೆ ಕಷ್ಟವೇ. ಆದರೆ ಒಬ್ಬೊಬ್ಬರು ಒಂದೊಂದು ಘಟಕ ಕಟ್ಟುವುದು ಕಷ್ಟವಲ್ಲ. ಜರ್ಮನಿಯ ಡೀಟರ್ ಡೋಪ್ಫರ್ 1990ರ ದಶಕದ ಮಧ್ಯಭಾಗದಲ್ಲಿ ತನ್ನ ಘಟಕಗಳಿಗೆ ಗೊತ್ತುಮಾಡಿದ ಅಳತೆಯನ್ನೂ ವೋಲ್ಟೇಜುಗಳನ್ನೂ ಇತರರು ಒಪ್ಪಿ ಅನುಸರಿಸಿದ್ದರಿಂದಲೇ ಇಂದು ನೂರಾರು ತಯಾರಕರ ಘಟಕಗಳು ಒಂದೇ ಚೌಕಟ್ಟಿನಲ್ಲಿ ಕೂಡಿ ನುಡಿಯುತ್ತಿವೆ. ನಮ್ಮ ಎರಡು ತಾಲೂಕುಗಳ ಶಾಲಾಕಾಲೇಜುಗಳೂ ಸರಳವಾದ ಒಪ್ಪಂದವೊಂದನ್ನು ಮಾಡಿಕೊಳ್ಳಬಾರದೇಕೆ? ಎಲ್ಲವೂ 5 ವೋಲ್ಟಿನಲ್ಲಿ ನಡೆಯಲಿ. ಭೂತಂತಿ ಎಲ್ಲಕ್ಕೂ ಒಂದೇ ಇರಲಿ. ವೋಲ್ಟಿಗೆ ಒಂದು ಸ್ಥಾಯಿ ಎಂಬುದು ನಿಯಮವಾಗಲಿ. ಮೊಬೈಲಿನ ಇಯರ್‌ಫೋನಿಗೆ ಬಳಸುವ 3.5 ಮಿಲಿಮೀಟರಿನ ಪ್ಲಗ್ಗೇ ಕೊಂಡಿಯಾಗಲಿ. ಪಿಕೊ ಫಲಕ 3.3 ವೋಲ್ಟಿಗಿಂತ ಹೆಚ್ಚನ್ನು ತಾಳದಾದ್ದರಿಂದ ಅದರ ಮುಂದೆ ಎರಡು ರೋಧಕಗಳ ವಿಭಾಜಕವಿರಲಿ. ಸ್ಪೀಕರಿಗೆ ಹೋಗುವ ತಂತಿಯಲ್ಲಿ ವಾಲ್ಯೂಮ್ ಗುಂಡಿಯಿರಲಿ. ಗೋಡೆಯ 230 ವೋಲ್ಟನ್ನು ಯಾರೂ ಈ ಕೆಲಸಕ್ಕೆ ಮುಟ್ಟದಿರಲಿ. ಇಷ್ಟಾದರೆ ನಂಜನಗೂಡಿನ ಹುಡುಗಿಯೊಬ್ಬಳು ಕಟ್ಟಿದ ಆಂದೋಲಕವನ್ನು ನರಸೀಪುರದ ಹುಡುಗನೊಬ್ಬನ ಶೋಧಕ ಯಾವ ತಂಟೆಯೂ ಇಲ್ಲದೆ ಸ್ವೀಕರಿಸುವುದು. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಎರಡೂ ಊರಿನವರು ತಮ್ಮ ತಮ್ಮ ಘಟಕಗಳನ್ನು ತಂದು ಒಂದೇ ಮೇಜಿನ ಮೇಲೆ ಜೋಡಿಸಿದರೆ, ರಾಮನ್ನರ ಹೆಸರಿನ ಆ ದಿನಕ್ಕೆ ಭಾಷಣಗಳಿಗಿಂತ ತಕ್ಕ ಆಚರಣೆಯಾದೀತು.

ವಿದ್ಯಾರ್ಥಿಮಿತ್ರರೇ, ಮೊದಲು ನೀವು ಕಟ್ಟುವ ಮಂಡಲದಿಂದ ಬರುವ ದನಿ ಇಂಪಾಗಿರುವುದಿಲ್ಲ; ಮನೆಯವರು ಬೈದಾರು, ನೆರೆಯವರು ನಕ್ಕಾರು. ಎದೆಗುಂದಬೇಡಿರಿ. ದನಿ ಏಕೆ ಕರ್ಕಶವಾಯಿತೆಂದು ಕೇಳಿಕೊಂಡು, ಒಂದು ರೋಧಕವನ್ನು ಬದಲಿಸಿ, ಮತ್ತೆ ಕೇಳಿರಿ. ಅಧ್ಯಾಪಕರು ದಾರಿ ತೋರಲೆಂದು ಕಾಯಲೂ ಬೇಡಿರಿ. ನಮ್ಮಲ್ಲಿ ಹಲವರು ನಿಮ್ಮೊಡನೆಯೇ ಕಲಿಯಬೇಕಾದವರು. ಬಿಡಿಭಾಗಗಳ ಪೊಟ್ಟಣ ಬಂದ ದಿನ ನಮ್ಮನ್ನೂ ಕರೆಯಿರಿ. ಬೀರುವಿನ ಬೀಗದ ಕೈ ನಮ್ಮ ಬಳಿಯಿದೆ.